ಮಾರ್ಚ್‌ನಲ್ಲಿ ಹೈಪರ್, ಆಗಸ್ಟ್‌ನಲ್ಲಿ ಹೈಪೋ: ಒಂದೇ ಗ್ರಂಥಿಗೆ ಎರಡು ನಾಲಿಗೆಯೇ?

ಮುಂಜಾವು

ಥೈರಾಯ್ಡ್ ಗ್ರಂಥಿಯ ಎರಡು ರಕ್ತಪರೀಕ್ಷೆಯ ವರದಿಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದೇನೆ. ಮಾರ್ಚ್‌ನದರಲ್ಲಿ ಟಿಎಸ್‌ಎಚ್ ತೀರ ಕಡಿಮೆ, 0.04. ಆ ಗ್ರಂಥಿಯ ಹಾರ್ಮೋನಾದ ಫ್ರೀ ಟಿ4 ಮೇಲಿನ ಮಿತಿಯನ್ನು ಸ್ವಲ್ಪ ದಾಟಿದೆ. ಕಳೆದ ವಾರದ್ದರಲ್ಲಿ ಟಿಎಸ್‌ಎಚ್ ತೀರ ಹೆಚ್ಚು, 18.6. ಫ್ರೀ ಟಿ4 ಕೆಳಗಿನ ಮಿತಿಗಿಂತಲೂ ಕೆಳಗೆ. ಇಬ್ಬರು ಬೇರೆ ಬೇರೆ ಮನುಷ್ಯರ ವರದಿಗಳಂತಿವೆ. ಆದರೆ ಎರಡರ ಮೇಲೂ ನನ್ನದೇ ಹೆಸರು.

ಮಾರ್ಚ್‌ನಲ್ಲಿ ಎದೆ ಸದಾ ಓಡುತ್ತಿತ್ತು. ಲೋಟ ಹಿಡಿದರೆ ನೀರು ತುಳುಕುವಷ್ಟು ಕೈ ನಡುಗುತ್ತಿತ್ತು. ಐದು ಕಿಲೋ ಇಳಿದೆ, ಮನೆಯಲ್ಲಿ ಎಲ್ಲರ ಮೇಲೂ ರೇಗಿದೆ. ವೈದ್ಯರು ‘ಥೈರಾಯ್ಡ್ ಹೆಚ್ಚಾಗಿದೆ, ಹೈಪರ್’ ಎಂದು ಎದೆಬಡಿತ ಇಳಿಸುವ ಮಾತ್ರೆಯನ್ನಷ್ಟೇ ಬರೆದು, ಒಂದು ತಿಂಗಳು ಬಿಟ್ಟು ಬರಲು ಹೇಳಿದರು. ಅಷ್ಟರಲ್ಲಿ ತಾನಾಗಿಯೇ ಸರಿಹೋಯಿತು. ನಾನು ಹೋಗಲಿಲ್ಲ, ತಪ್ಪು ನನ್ನದೇ.

ಈಗ ಎಲ್ಲ ತಿರುವುಮುರುವು. ಬೆಳಿಗ್ಗೆ ಏಳುವಾಗ ಒದ್ದೆ ಮರಳಿನ ಮೂಟೆ ಹೊತ್ತಂತೆ. ಮಲಬದ್ಧತೆ, ಚಳಿ, ಮರೆವು. ಬಾಚಣಿಗೆ ತುಂಬ ಕೂದಲು. ಬೇರೊಬ್ಬ ವೈದ್ಯರ ಬಳಿ ಹೋದೆ. ಐದು ನಿಮಿಷದಲ್ಲಿ ‘ಥೈರಾಯ್ಡ್ ಕಡಿಮೆ, ಹೈಪೋ, ಜೀವನಪೂರ್ತಿ ಮಾತ್ರೆ’ ಎಂದರು. ಹಳೆಯ ವರದಿ ತೋರಿಸಿದರೆ ‘ಅದು ಲ್ಯಾಬ್‌ನವರ ತಪ್ಪಿರಬೇಕು’ ಎಂದು ಪಕ್ಕಕ್ಕೆ ಸರಿಸಿದರು.

ನಿಜವಾಗಿಯೂ ಒಂದು ವರದಿ ತಪ್ಪೇ? ನನಗಿರುವುದು ಯಾವ ಕಾಯಿಲೆ? ಇನ್ನೊಂದು ವಿಚಿತ್ರ: ಸುಸ್ತು ಆಗಲೂ ಇತ್ತು, ಈಗಲೂ ಇದೆ. ಕೂದಲು ಆಗಲೂ ಉದುರುತ್ತಿತ್ತು, ಈಗಲೂ ಉದುರುತ್ತಿದೆ. ಹೆಚ್ಚಾದರೂ ಕಡಿಮೆಯಾದರೂ ಒಂದೇ ಲಕ್ಷಣವಾದರೆ ಲಕ್ಷಣಗಳನ್ನು ನಂಬುವುದು ಹೇಗೆ?

ಹಳೆಯ ರೋಗಿ

ಇಪ್ಪತ್ತೆರಡು ವರ್ಷಗಳಿಂದ ಈ ಗ್ರಂಥಿಯೊಡನೆ ಸಂಸಾರ ಮಾಡುತ್ತಿದ್ದೇನೆ, ಆ ಹಕ್ಕಿನಿಂದ ಹೇಳುತ್ತೇನೆ. ‘ಥೈರಾಯ್ಡ್ ಇದೆ’ ಎಂಬುದು ರೋಗದ ಹೆಸರೇ ಅಲ್ಲ. ಥೈರಾಯ್ಡ್ ಎಲ್ಲರಿಗೂ ಇದೆ, ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿ. ‘ಹೈಪೋ’, ‘ಹೈಪರ್’ ಎಂಬುವೂ ರೋಗಗಳಲ್ಲ, ಸ್ಥಿತಿಗಳು. ಜ್ವರ ಇದ್ದಂತೆ. ಜ್ವರ ಏಕೆ ಬಂದಿತು ಎಂದು ಕೇಳದೆ ಜ್ವರಕ್ಕೆ ಜೀವನಪೂರ್ತಿ ಮಾತ್ರೆ ಬರೆಯುವವರನ್ನು ನಾನು ಕಂಡಿಲ್ಲ. ಥೈರಾಯ್ಡ್ ವಿಷಯದಲ್ಲಿ ಮಾತ್ರ ದಿನವೂ ಕಾಣುತ್ತೇನೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ.

ನೀವು ಬರೆದದ್ದರಲ್ಲಿ ಮೂರು ವಿಷಯಗಳು ಇಲ್ಲ. ಒಂದು, ಕಳೆದ ಒಂದು ವರ್ಷದಲ್ಲಿ ಹೆರಿಗೆಯೋ ಗರ್ಭಪಾತವೋ ಆಗಿದೆಯೇ? ಎರಡು, ಮಾರ್ಚ್‌ಗೆ ಮುಂಚೆ ನೆಗಡಿ, ಜ್ವರ ಬಂದು ಕುತ್ತಿಗೆಯ ಮುಂಭಾಗ ಮುಟ್ಟಲಾರದಷ್ಟು ನೋಯುತ್ತಿತ್ತೇ, ಕಿವಿಯವರೆಗೆ? ಮೂರು, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ‘ಅದು ಔಷಧವಲ್ಲ, ಬರೀ ವಿಟಮಿನ್’ ಎಂದು ನೀವು ಲೆಕ್ಕಕ್ಕೆ ಇಡದವೂ ಸೇರಿ.

ಪರೀಕ್ಷಾನಳಿಕೆ

ಮೂವತ್ತು ವರ್ಷ ಪ್ರಯೋಗಾಲಯದಲ್ಲಿದ್ದು ನಿವೃತ್ತನಾದವನು. ‘ಲ್ಯಾಬ್‌ನವರ ತಪ್ಪು’ ಎಂಬ ಮಾತು ಕಿವಿಗೆ ಬಿದ್ದರೆ ಸುಮ್ಮನಿರಲಾರೆ, ಕ್ಷಮಿಸಿ. ತಪ್ಪು ಆಗುವುದಿಲ್ಲವೆಂದಲ್ಲ. ಆದರೆ ಟಿಎಸ್‌ಎಚ್ ಕೆಳಗೆ, ಟಿ4 ಮೇಲೆ. ಟಿಎಸ್‌ಎಚ್ ಮೇಲೆ, ಟಿ4 ಕೆಳಗೆ. ನಿಮ್ಮ ಎರಡೂ ವರದಿಗಳಲ್ಲಿ ಈ ಜೋಡಿ ಒಂದಕ್ಕೊಂದು ಸರಿಯಾಗಿ ಹೊಂದುತ್ತದೆ, ಲಕ್ಷಣಗಳೂ ಹೊಂದುತ್ತವೆ. ಮೂರೂ ಒಂದೇ ಕಡೆ ಕೈ ತೋರಿಸುವಾಗ ತಪ್ಪು ಎನ್ನುವುದು ಅವಸರ.

ಟಿಎಸ್‌ಎಚ್ ಎಂಬುದು ಥೈರಾಯ್ಡ್ ತಯಾರಿಸುವ ಹಾರ್ಮೋನೇ ಅಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಅದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ನ ಬಾಗಿಲು ಬಡಿಯುವ ಸದ್ದು. ಒಳಗಿನವರು ಏಳದಿದ್ದರೆ ಬಡಿತ ಜೋರಾಗುತ್ತದೆ. ಒಳಗಿನವರು ಬೇಕಾದ್ದಕ್ಕಿಂತ ಹೆಚ್ಚು ಗದ್ದಲ ಮಾಡುತ್ತಿದ್ದರೆ ಬಡಿಯುವುದೇ ನಿಲ್ಲುತ್ತದೆ. ಅದಕ್ಕೇ ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಕಡಿಮೆ, ಇಳಿದರೆ ಹೆಚ್ಚು. ಈ ತಲೆಕೆಳಗು ಲೆಕ್ಕವೇ ಅರ್ಧ ಗೊಂದಲಕ್ಕೆ ಕಾರಣ. ಟಿ4 ಎರಡು ಪಟ್ಟು ವ್ಯತ್ಯಾಸವಾದರೆ ಟಿಎಸ್‌ಎಚ್ ಸುಮಾರು ನೂರು ಪಟ್ಟು ವ್ಯತ್ಯಾಸವಾಗಬಲ್ಲದು. ಆದ್ದರಿಂದ 0.04ರಿಂದ 18.6ಕ್ಕೆ ಜಿಗಿದದ್ದು ಕಾಗದದ ಮೇಲೆ ಕಾಣುವಷ್ಟು ಭೀಕರವೇನಲ್ಲ.

ಬಡಿಯುವವನಿಗೆ ಸ್ವಲ್ಪ ಮಂದಬುದ್ಧಿ ಎಂಬುದೂ ನೆನಪಿರಲಿ. ಟಿ4 ಸರಿಹೋದ ಮೇಲೂ ಟಿಎಸ್‌ಎಚ್ ವಾರಗಟ್ಟಲೆ ಹಿಂದೆಯೇ ಉಳಿಯುತ್ತದೆ.

ಮುಂಜಾವು

ಹಳೆಯ ರೋಗಿಯವರೇ, ಮಗು ಹುಟ್ಟಿದ್ದು ಕಳೆದ ಡಿಸೆಂಬರ್‌ನಲ್ಲಿ. ಎರಡನೆಯದು. ಇದಕ್ಕೂ ಅದಕ್ಕೂ ಸಂಬಂಧವಿರಬಹುದೆಂದು ಹೊಳೆಯಲೇ ಇಲ್ಲ, ಕೊನೆಯ ವೈದ್ಯರು ಕೇಳಲೂ ಇಲ್ಲ. ಕುತ್ತಿಗೆ ನೋವು ಇರಲಿಲ್ಲ. ಜುಲೈನಿಂದ ಕೂದಲಿಗೆಂದು ಒಂದು ಮಾತ್ರೆ ನುಂಗುತ್ತಿದ್ದೇನೆ. ಅದರ ಮೇಲೆ ಬಯೋಟಿನ್ ಎಂಬ ವಿಟಮಿನ್ 10 ಮಿಲಿಗ್ರಾಂ ಎಂದಿದೆ. ಜೊತೆಗೆ ಹೆರಿಗೆಯಾದಾಗಿನಿಂದ ಕಬ್ಬಿಣ ಮತ್ತು ಕ್ಯಾಲ್ಸಿಯಂ.

ಸಂಶಯಾತ್ಮ

ಬಯೋಟಿನ್! ಹಾಗಾದರೆ ವಿಚಾರ ಮುಗಿಯಿತು. ಅದು ಥೈರಾಯ್ಡ್ ಪರೀಕ್ಷೆಯನ್ನೇ ಕೆಡಿಸುತ್ತದೆಂದು ಎಲ್ಲೋ ಓದಿದ್ದೇನೆ. ಎರಡು ವರದಿಯೂ ಕಸದ ಬುಟ್ಟಿಗೆ.

ಪರೀಕ್ಷಾನಳಿಕೆ

ಅರ್ಧ ಸರಿ, ಅರ್ಧ ಅವಸರ. ಅನೇಕ ಯಂತ್ರಗಳಲ್ಲಿ ಪರೀಕ್ಷೆಯ ಅಂಟೇ ಬಯೋಟಿನ್ ಮತ್ತು ಅದನ್ನು ಬಿಗಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿನ ಜೋಡಿ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಆ ಅಂಟು ಕೈಕೊಡುತ್ತದೆ. ಆದರೆ ಕೈಕೊಡುವುದಕ್ಕೂ ಒಂದು ದಿಕ್ಕು ಇದೆ. ಟಿಎಸ್‌ಎಚ್ ಸುಳ್ಳಾಗಿ ಕೆಳಗೆ, ಟಿ4 ಮತ್ತು ಅದರ ಜೊತೆಗಾರ ಹಾರ್ಮೋನು ಟಿ3 ಸುಳ್ಳಾಗಿ ಮೇಲೆ. ಅಂದರೆ ಬಯೋಟಿನ್ ಕಟ್ಟುವ ಸುಳ್ಳು ಕಥೆ ಯಾವಾಗಲೂ ‘ಹೈಪರ್’ನದು. ಮುಂಜಾವು ಅವರಿಗೆ ಹೈಪರ್ ಕಂಡದ್ದು ಮಾರ್ಚ್‌ನಲ್ಲಿ, ಮಾತ್ರೆ ಶುರುವಾದದ್ದು ಜುಲೈನಲ್ಲಿ. ಈಗಿನ ವರದಿ ಹೈಪೋ ಎನ್ನುತ್ತಿದೆ. ಬಯೋಟಿನ್ ಅದನ್ನು ಹುಟ್ಟಿಸಲಾರದು, ಮುಚ್ಚಿಡಬಲ್ಲದು ಅಷ್ಟೇ. ಹಾಗಾಗಿ ನಿಜವಾದ ಟಿಎಸ್‌ಎಚ್ 18.6ಕ್ಕಿಂತ ಹೆಚ್ಚಿದ್ದರೂ ಇರಬಹುದು.

ಮುಂದಿನ ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ಅದನ್ನು ನಿಲ್ಲಿಸಿ. ನಾನಾದರೆ ಒಂದು ವಾರ ನಿಲ್ಲಿಸುತ್ತೇನೆ. ಪ್ರತಿಕಾಯ (ಆಂಟಿಬಾಡಿ) ಪರೀಕ್ಷೆಯ ಫಲಿತಾಂಶವನ್ನೂ ಅದು ಕೆಡಿಸಬಹುದು. ರಕ್ತ ತೆಗೆಯುವವರಿಗೆ ಹೇಳಿ, ಅವರು ತಾವಾಗಿ ಕೇಳುವುದು ಅಪರೂಪ.

ಹಳೆಯ ರೋಗಿ

ಡಿಸೆಂಬರ್‌ನಲ್ಲಿ ಹೆರಿಗೆ, ಮೂರನೆಯ ತಿಂಗಳಲ್ಲಿ ಹೈಪರ್, ನಡುವೆ ಸರಿಯಾದಂತೆ ಅನಿಸಿದ್ದು, ಎಂಟನೆಯ ತಿಂಗಳಲ್ಲಿ ಹೈಪೋ. ನಾನು ವೈದ್ಯೆಯಲ್ಲ. ಆದರೂ ಹೆರಿಗೆಯ ನಂತರದ ಥೈರಾಯ್ಡ್ ಉರಿಯೂತದ ಚರಿತ್ರೆಯನ್ನು ಪಠ್ಯಪುಸ್ತಕದಿಂದ ನಕಲು ಮಾಡಿದಂತಿದೆ ಇದು. ವೈದ್ಯರ ಭಾಷೆಯಲ್ಲಿ ಪೋಸ್ಟ್‌ಪಾರ್ಟಮ್ ಥೈರಾಯ್ಡೈಟಿಸ್. ಬಾಣಂತಿಯರಲ್ಲಿ ಸುಮಾರು ಇಪ್ಪತ್ತಕ್ಕೆ ಒಬ್ಬರಿಗೆ ಬರುತ್ತದೆ. ಬಹಳಷ್ಟು ಮಂದಿಗೆ ಬಂದದ್ದೂ ತಿಳಿಯುವುದಿಲ್ಲ. ಮಗುವಿನೊಡನೆ ನಿದ್ದೆಗೆಟ್ಟವಳಿಗೆ ಸುಸ್ತು ಇರುವುದನ್ನು ಯಾರು ತಾನೇ ರೋಗ ಎನ್ನುತ್ತಾರೆ?

ನಡೆಯುವುದು ಹೀಗೆ. ಬಸಿರಿನಲ್ಲಿ ರೋಗನಿರೋಧಕ ವ್ಯವಸ್ಥೆ ಮಗುವಿಗಾಗಿ ತಗ್ಗಿ ನಡೆಯುತ್ತದೆ. ಹೆರಿಗೆಯಾದ ಮೇಲೆ ಸೆಟೆದು ನಿಲ್ಲುತ್ತದೆ, ಕೆಲವರಲ್ಲಿ ತಮ್ಮದೇ ಥೈರಾಯ್ಡ್ ಮೇಲೆ ಬೀಳುತ್ತದೆ. ಈ ಗ್ರಂಥಿ ಅಂದಂದಿನ ಸಂಪಾದನೆಯನ್ನು ಅಂದೇ ಖರ್ಚು ಮಾಡುವಂಥದ್ದಲ್ಲ, ವಾರಗಟ್ಟಲೆ ಸಾಲುವಷ್ಟು ಹಾರ್ಮೋನನ್ನು ಕೂಡಿಟ್ಟಿರುತ್ತದೆ. ದಾಳಿಗೆ ಸಿಕ್ಕಿದ ಕಣಜ ಒಡೆದು ದಾಸ್ತಾನೆಲ್ಲ ಒಮ್ಮೆಲೇ ರಕ್ತಕ್ಕೆ ಸುರಿಯುತ್ತದೆ. ಅದು ನಿಮ್ಮ ಮಾರ್ಚ್. ಕಣಜ ಬರಿದಾದ ಮೇಲೆ, ಒಡೆದ ಗ್ರಂಥಿ ಹೊಸದನ್ನು ತಯಾರಿಸಲಾರದೆ ಕುಳಿತಿರುವುದು ಈ ಆಗಸ್ಟ್. ಎರಡು ಕಾಯಿಲೆಗಳಲ್ಲ, ಒಂದೇ ಕಾಯಿಲೆಯ ಎರಡು ಅಂಕಗಳು.

ಮೊದಲ ವೈದ್ಯರಿಗೆ ನ್ಯಾಯ ಸಲ್ಲಬೇಕು. ಸುರಿದುಹೋಗುತ್ತಿರುವ ದಾಸ್ತಾನಿಗೆ, ತಯಾರಿಕೆ ನಿಲ್ಲಿಸುವ ಕಾರ್ಬಿಮಜೋಲ್‌ನಂಥ ಮಾತ್ರೆ ಏನೂ ಮಾಡಲಾರದು. ಅವರು ಎದೆಬಡಿತಕ್ಕಷ್ಟೇ ಬರೆದು ಮತ್ತೆ ಬರಲು ಹೇಳಿದ್ದು ಸರಿಯಾಗಿತ್ತು.

ಆದರೂ ಖಚಿತವಾಗದೆ ಹೆಸರಿಡಬೇಡಿ. ಪ್ರತಿಕಾಯಗಳೇ ಗ್ರಂಥಿಯನ್ನು ಕೆರಳಿಸಿ ಹೆಚ್ಚು ಹಾರ್ಮೋನು ತಯಾರಿಸುವಂತೆ ಮಾಡುವ ಗ್ರೇವ್ಸ್ ರೋಗವೂ ಹೆರಿಗೆಯ ನಂತರ ತಲೆ ಎತ್ತಬಹುದು. ಟಿಪಿಒ ಪ್ರತಿಕಾಯ ಮತ್ತು ಟಿಎಸ್‌ಎಚ್ ಗ್ರಾಹಕದ ಪ್ರತಿಕಾಯ (ಮೊದಲನೆಯದು ಗ್ರಂಥಿಯ ಮೇಲಿನ ದಾಳಿಯ ಗುರುತು, ಎರಡನೆಯದು ಗ್ರೇವ್ಸ್‌ನದು), ಈ ಎರಡನ್ನೂ ಮಾಡಿಸುವ ಬಗ್ಗೆ ಕೇಳಿ. ವಿಕಿರಣಶೀಲ ಅಯೋಡಿನ್ ಸ್ಕ್ಯಾನ್ ಬರೆದುಕೊಟ್ಟರೆ ಎದೆಹಾಲು ಕುಡಿಸುತ್ತಿರುವುದನ್ನು ಮೊದಲ ವಾಕ್ಯದಲ್ಲೇ ಹೇಳಿ. ಆಗ ಅದು ಸಲ್ಲದು.

ಮುಂಜಾವು

ಮೂರು ಸಲ ಓದಿದೆ. ಅಂದರೆ ಜೀವನಪೂರ್ತಿ ಮಾತ್ರೆ ಬೇಡವೇ?

ಹಳೆಯ ರೋಗಿ

ಬೇಡ ಎಂದೂ ನಾನು ಹೇಳಲಾರೆ. ಹೆಚ್ಚಿನವರಲ್ಲಿ ವರ್ಷ, ಒಂದೂವರೆ ವರ್ಷದೊಳಗೆ ಗ್ರಂಥಿ ಚೇತರಿಸಿಕೊಳ್ಳುತ್ತದೆ. ಕೆಲವರಲ್ಲಿ ಇಲ್ಲ. ಚೇತರಿಸಿಕೊಂಡವರಲ್ಲೂ ಕೆಲವರು ವರ್ಷಗಳ ನಂತರ ಹೈಪೋಗೆ ಜಾರುತ್ತಾರೆ. ಈಗ ಟಿ4 ನಿಜವಾಗಿಯೇ ಕಡಿಮೆಯಿದ್ದು, ನೀವು ಏಳಲಾರದ ಸ್ಥಿತಿಯಲ್ಲಿದ್ದರೆ ಸದ್ಯಕ್ಕೆ ಮಾತ್ರೆ ಬೇಕಾಗಬಹುದು. ‘ಸದ್ಯಕ್ಕೆ’ ಎಂಬುದು ‘ಜೀವನಪೂರ್ತಿ’ ಆಗುವುದೋ ಇಲ್ಲವೋ ಎಂಬುದನ್ನು ಆಗಸ್ಟ್‌ನ ಒಂದು ಹನಿ ರಕ್ತ ಹೇಳಲಾರದು.

ಎದೆಬಡಿತ

ಗ್ರೇವ್ಸ್ ಹೆಸರು ಬಂದದ್ದರಿಂದ ಬಾಯಿ ಬಿಡುತ್ತಿದ್ದೇನೆ. ನನಗೆ ಆಗ 31. ಗಂಡಸು. ಹನ್ನೊಂದು ತಿಂಗಳು ಆತಂಕದ ಕಾಯಿಲೆಗೆ ಚಿಕಿತ್ಸೆ ಪಡೆದೆ. ಎದೆ ಬಡಿತ, ಬೆವರು, ನಡುಕ, ನಿದ್ದೆ ಇಲ್ಲ, ಸಭೆಯಲ್ಲಿ ಮಾತನಾಡಲು ನಿಂತರೆ ಉಸಿರು ಸಿಕ್ಕಿಕೊಳ್ಳುವುದು. ಯಾರು ಕೇಳಿದರೂ ಆತಂಕವೇ ಎನ್ನುತ್ತಾರೆ, ನಾನೂ ಅಂದೆ. ಆಪ್ತಸಮಾಲೋಚಕರ ಬಳಿ ಬಾಲ್ಯವನ್ನೆಲ್ಲ ಹೇಳಿಕೊಂಡೆ. (ಅದರಿಂದ ಪ್ರಯೋಜನವಾಗಲಿಲ್ಲವೆಂದು ಹೇಳುವುದಿಲ್ಲ. ಆದರೆ ಎದೆ ಮಾತ್ರ ಕೇಳಲಿಲ್ಲ.)

ಗುಟ್ಟು ಒಡೆದದ್ದು ಎರಡು ಸಣ್ಣ ಸಂಗತಿಗಳಿಂದ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತರೆ ಕೈ ಊರದೆ ಏಳಲಾಗುತ್ತಿರಲಿಲ್ಲ. ಆತಂಕ ತೊಡೆಯ ಸ್ನಾಯುವನ್ನು ಕರಗಿಸುವುದಿಲ್ಲವಲ್ಲ. ಎರಡನೆಯದು, ಕೈಗಡಿಯಾರದಲ್ಲಿ ದಾಖಲಾದ ನಾಡಿ. ಗಾಢ ನಿದ್ದೆಯಲ್ಲೂ ನಿಮಿಷಕ್ಕೆ 104. ಭಯಪಡುವವನ ಎದೆ ನಿದ್ದೆ ಬಂದ ಮೇಲಾದರೂ ತಣಿಯಬೇಕು. ಹೊಸ ವೈದ್ಯೆ ಇದನ್ನು ಕೇಳಿದವರೇ ನನ್ನ ಕುತ್ತಿಗೆ ಮುಟ್ಟಿ, ಕೈ ಚಾಚಿಸಿ ಬೆರಳ ಮೇಲೆ ಕಾಗದ ಇಟ್ಟು ನಡುಕ ನೋಡಿ, ರಕ್ತಕ್ಕೆ ಬರೆದರು. ಟಿಎಸ್‌ಎಚ್ ಅಳತೆಗೇ ಸಿಗದಷ್ಟು ಕಡಿಮೆ.

ಕಾರ್ಬಿಮಜೋಲ್ ಹದಿನೆಂಟು ತಿಂಗಳು. ಈ ಮಾತ್ರೆಯವರಿಗೆ ಒಂದು ಎಚ್ಚರಿಕೆ: ಜ್ವರವೋ ಗಂಟಲುನೋವೋ ಬಂದರೆ ಮಾತ್ರೆ ನಿಲ್ಲಿಸಿ ಅಂದೇ ಬಿಳಿ ರಕ್ತಕಣಗಳ ಎಣಿಕೆ ಮಾಡಿಸಬೇಕು. ಕಣಗಳು ನೆಲಕಚ್ಚುವುದು ಅಪರೂಪ, ಆದರೆ ಕಚ್ಚಿದರೆ ಪ್ರಾಣಕ್ಕೆ ಬರುತ್ತದೆ. ಸಿಗರೇಟು ಸೇದುವವರಲ್ಲಿ ಗ್ರೇವ್ಸ್ ಕಣ್ಣಿಗೆ ಏರುವ ಅಪಾಯ ಹೆಚ್ಚು. ನಾನು ಬಿಟ್ಟದ್ದು ಆ ಒಂದು ಭಯಕ್ಕೆ.

ದೂರದ ಮಗಳು

ಎದೆಬಡಿತ ಅವರ ಕಥೆಯ ತಿರುವುಮುರುವು ನಮ್ಮ ತಂದೆಯದು. ವಯಸ್ಸು 76. ನಡುಕವಿಲ್ಲ, ಬೆವರಿಲ್ಲ, ಚಡಪಡಿಕೆಯಿಲ್ಲ. ಮಾತು ಕಡಿಮೆಯಾಯಿತು, ಊಟ ಸೇರುತ್ತಿರಲಿಲ್ಲ, ದಿನವಿಡೀ ಗೋಡೆ ನೋಡುತ್ತ ಕುಳಿತಿರುತ್ತಿದ್ದರು. ಒಂಬತ್ತು ಕಿಲೋ ಇಳಿದರು. ನಮ್ಮಮ್ಮ ಹೋಗಿ ಒಂದು ವರ್ಷವಾಗಿತ್ತು. ಆ ದುಃಖ ಎಂದುಕೊಂಡೆವು. ಆಮೇಲೆ ಬಾಯಲ್ಲಿ ಹೇಳದೆ ಎಲ್ಲರೂ ಕ್ಯಾನ್ಸರ್ ಎಂದುಕೊಂಡೆವು. ಒಂದು ಬೆಳಿಗ್ಗೆ ನಾಡಿ ಲಯ ತಪ್ಪಿ ಆಸ್ಪತ್ರೆಗೆ ಸೇರಿಸಿದಾಗ ಏಟ್ರಿಯಲ್ ಫಿಬ್ರಿಲೇಷನ್ ಎಂದರು. ಅದಕ್ಕೆ ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಹೈಪರ್‌ಥೈರಾಯ್ಡ್.

ವಯಸ್ಸಾದವರಲ್ಲಿ ಹೈಪರ್ ಹೀಗೆ ಮಂಕು ಬಡಿದವರ ವೇಷದಲ್ಲಿ ಬರುತ್ತದಂತೆ. ಅದಕ್ಕೆ ‘ಅಪಥೆಟಿಕ್’ ಎಂಬ ಹೆಸರೇ ಇದೆ. ಚಿಕಿತ್ಸೆ ಶುರುವಾಗಿ ಮೂರು ತಿಂಗಳಿಗೆ ತಂದೆ ಫೋನಿನಲ್ಲಿ ನನ್ನ ಮೇಲೆ ರೇಗಿದರು. ಅಂದು ಅತ್ತುಬಿಟ್ಟೆ, ಸಂತೋಷಕ್ಕೆ.

ನಿದ್ದೆಗಣ್ಣ

ಎಲ್ಲರೂ ತಡವಾಗಿ ಪತ್ತೆಯಾದ ಥೈರಾಯ್ಡ್ ಬಗ್ಗೆ ಬರೆಯುತ್ತಿದ್ದೀರಿ. ಇಲ್ಲದ ಥೈರಾಯ್ಡ್‌ನಿಂದ ನರಳಿದವನೊಬ್ಬ ಇಲ್ಲಿದ್ದೇನೆ.

ಸುಸ್ತು ಎಂದು ಹೋದೆ. ಟಿಎಸ್‌ಎಚ್ 5.8, ಟಿ4 ಸರಿಯಾಗಿತ್ತು. ‘ಥೈರಾಯ್ಡ್’ ಎಂದರು, ಮಾತ್ರೆ ಬಂದಿತು. ಸುಸ್ತು ಹೋಗಲಿಲ್ಲ, ಪ್ರಮಾಣ ಏರಿತು. ಮತ್ತೆ ಹೋಗಲಿಲ್ಲ, ಮತ್ತೆ ಏರಿತು. ಎರಡು ವರ್ಷದ ಹೊತ್ತಿಗೆ ಟಿಎಸ್‌ಎಚ್ 0.2ಕ್ಕೆ ಇಳಿದು, ಮೊದಲಿದ್ದ ಸುಸ್ತಿನ ಜೊತೆಗೆ ಎದೆಬಡಿತವೂ ಸಿಕ್ಕಿತು. ಕೊನೆಗೆ ಪತ್ತೆಯಾದದ್ದು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಸ್ಲೀಪ್ ಅಪ್ನಿಯಾ. ಪತ್ತೆ ಮಾಡಿದವಳು ನನ್ನ ಹೆಂಡತಿ, ಗೊರಕೆ ನಡುವೆ ನಿಲ್ಲುವುದನ್ನು ಮೊಬೈಲ್‌ನಲ್ಲಿ ಹಿಡಿದು. ಮೂರು ಯಂತ್ರಗಳೂ ನಾಲ್ಕು ವೈದ್ಯರೂ ಮಾಡದ ಕೆಲಸ!

ಟಿಎಸ್‌ಎಚ್ ಸ್ವಲ್ಪ ಹೆಚ್ಚು, ಟಿ4 ಸರಿ, ಈ ಸ್ಥಿತಿಗೆ ಸಬ್‌ಕ್ಲಿನಿಕಲ್ ಎನ್ನುತ್ತಾರೆ. ಒಮ್ಮೆ ಹೀಗೆ ಬಂದರೆ ಎರಡು ಮೂರು ತಿಂಗಳ ಮೇಲೆ ಮತ್ತೊಮ್ಮೆ ನೋಡಬೇಕು, ಹಲವರಲ್ಲಿ ತಾನೇ ಇಳಿದಿರುತ್ತದೆ. ನನಗೆ ಮತ್ತೊಮ್ಮೆ ನೋಡಿದವರೇ ಇಲ್ಲ. 2017ರಲ್ಲಿ ಟ್ರಸ್ಟ್ ಎಂಬ ಅಧ್ಯಯನ ಬಂದಿತು: ಇಂಥ 737 ಮಂದಿಯಲ್ಲಿ ಕೆಲವರಿಗೆ ಲಿವೊಥೈರಾಕ್ಸಿನ್ ಎಂಬ ಥೈರಾಯ್ಡ್ ಮಾತ್ರೆ, ಕೆಲವರಿಗೆ ಔಷಧವಿಲ್ಲದ ಸಪ್ಪೆ ಮಾತ್ರೆ. ಒಂದು ವರ್ಷದ ಮೇಲೆ ಸುಸ್ತಿನಲ್ಲಿ ವ್ಯತ್ಯಾಸವೇ ಇಲ್ಲ.

ಹಳೆಯ ರೋಗಿ

ಆ ಅಧ್ಯಯನ 65 ದಾಟಿದವರದು ಎಂಬುದನ್ನು ಬಿಟ್ಟಿರಿ. ವಯಸ್ಸಾದಂತೆ ಟಿಎಸ್‌ಎಚ್ ಸಹಜವಾಗಿಯೇ ಸ್ವಲ್ಪ ಏರುತ್ತದೆ. ಗರ್ಭಿಣಿಗೋ, ಗರ್ಭ ಧರಿಸಲು ಬಯಸುವವಳಿಗೋ ಅದೇ ತೀರ್ಪು ಓದಿ ಹೇಳಬಾರದು. ಟಿಎಸ್‌ಎಚ್ ಹತ್ತು ದಾಟಿದ ಮೇಲೆ ಮಾತ್ರೆ ಕೊಡುವುದೇ ಹೆಚ್ಚಿನವರ ಪದ್ಧತಿ. ನಿಮ್ಮ 5.8ರ ಮಾತು ಮುಂಜಾವು ಅವರ 18.6ಕ್ಕೆ ಸಲ್ಲದು.

ನಿದ್ದೆಗಣ್ಣ

ಒಪ್ಪಿದೆ. ನನ್ನ ತಕರಾರು ಮಾತ್ರೆಯ ಮೇಲಲ್ಲ. ‘ಥೈರಾಯ್ಡ್’ ಎಂಬ ಪದ ಬಿದ್ದೊಡನೆ ಉಳಿದೆಲ್ಲ ಪ್ರಶ್ನೆಗಳ ಬಾಗಿಲು ಮುಚ್ಚುತ್ತದಲ್ಲ, ಅದರ ಮೇಲೆ. ರಕ್ತಹೀನತೆ, ಬಿ12 ಕೊರತೆ, ಖಿನ್ನತೆ, ಮುಟ್ಟು ನಿಲ್ಲುವ ಕಾಲ, ನಿದ್ದೆ. ಇವೆಲ್ಲವುಗಳ ಲಕ್ಷಣದ ಪಟ್ಟಿಯನ್ನು ಹೈಪೋ ಪಟ್ಟಿಯ ಪಕ್ಕಕ್ಕಿಟ್ಟು ನೋಡಿ, ಅವಳಿ ಮಕ್ಕಳು.

ಗುಳಿಗೆವಿರೋಧಿ

ಇಷ್ಟೆಲ್ಲ ಗೊಂದಲವಿರುವಾಗ ರಾಸಾಯನಿಕ ನುಂಗುವುದೇಕೆ? ಅಯೋಡಿನ್ ಕೊರತೆಯಿಂದ ತಾನೇ ಥೈರಾಯ್ಡ್ ಬರುವುದು? ಅಯೋಡಿನ್ ಹನಿಗಳನ್ನು ಮೂರು ತಿಂಗಳು ತೆಗೆದುಕೊಂಡರೆ ಗ್ರಂಥಿ ತಾನೇ ಎಚ್ಚೆತ್ತುಕೊಳ್ಳುತ್ತದೆ. ಮಾತ್ರೆ ಶುರು ಮಾಡಿದರೆ ಗ್ರಂಥಿ ಸೋಮಾರಿಯಾಗುತ್ತದೆ.

ಹಳೆಯ ರೋಗಿ

ಇದೇ ಮಾತನ್ನು ನನ್ನ ಮೂರನೆಯ ವರ್ಷದಲ್ಲಿ ಒಬ್ಬರು ಹೇಳಿದ್ದರು. ಕೇಳಿದೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ನನ್ನದು ಹಾಶಿಮೊಟೊ. ಜಪಾನಿನ ಹಕಾರು ಹಾಶಿಮೊಟೊ 1912ರಲ್ಲಿ ನಾಲ್ವರು ಹೆಂಗಸರ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದ ರೋಗ. ಗ್ರಂಥಿಯೊಳಗೆ ಬಿಳಿ ರಕ್ತಕಣಗಳು ಬೀಡುಬಿಟ್ಟು ಅದನ್ನು ಸ್ವಲ್ಪಸ್ವಲ್ಪವೇ ಕೆಡವುತ್ತವೆ. ಇದು ಕೊರತೆಯಲ್ಲ, ದಾಳಿ. ಅಯೋಡಿನ್ ಕೊರತೆ ಲೋಕದಲ್ಲಿ ಗಳಗಂಡಕ್ಕೆ ದೊಡ್ಡ ಕಾರಣ, ನಿಜ. ಅಯೋಡಿನ್ ಸೇರಿಸಿದ ಉಪ್ಪು ಅದನ್ನು ತಗ್ಗಿಸಿದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಸಾಕಷ್ಟು ಅಯೋಡಿನ್ ಸಿಗುತ್ತಿರುವ ಹಾಶಿಮೊಟೊ ರೋಗಿಗೆ ಅದರ ಹತ್ತಾರು ಪಟ್ಟು ಸುರಿದರೆ ಕುಂಟುತ್ತಿದ್ದ ಗ್ರಂಥಿ ಮಲಗಿಬಿಡಬಹುದು. ಬೆಂಕಿಗೆ ಸೌದೆ ಒಟ್ಟಿ ಆರಲಿ ಎಂದು ಕಾಯುವ ಹಾಗೆ.

ನಾನು ಐದು ತಿಂಗಳು ಮಾತ್ರೆ ಬಿಟ್ಟೆ. ಮೊದಲ ತಿಂಗಳು ಏನೂ ಆಗಲಿಲ್ಲ, ಗೆದ್ದೆ ಎಂದುಕೊಂಡೆ. ಟಿ4ರ ಅರ್ಧಾಯುಷ್ಯ ಸುಮಾರು ಏಳು ದಿನ, ಅದು ನಿಧಾನವಾಗಿ ಖಾಲಿಯಾಗುತ್ತದೆ ಎಂದು ಆಗ ತಿಳಿದಿರಲಿಲ್ಲ. ಆಮೇಲೆ ದನಿ ದಪ್ಪವಾಯಿತು. ಫೋನಿನಲ್ಲಿ ನನ್ನನ್ನು ಅಣ್ಣ ಎಂದುಕೊಂಡರು. ಹುಬ್ಬಿನ ಹೊರತುದಿ ಉದುರಿತು. ಕೈಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿತ್ತು. ಕೊಲೆಸ್ಟರಾಲ್ ಏರಿತು, ಅದಕ್ಕೆ ಬೇರೆಯೇ ಮಾತ್ರೆ ಬಂದಿತು. ಮುಟ್ಟು ಹದಿನೈದು ದಿನ ನಿಲ್ಲಲಿಲ್ಲ. ಗಮನಿಸಿ, ಇಷ್ಟಕ್ಕೂ ನಾನು ನಾಲ್ಕು ಬೇರೆ ಬೇರೆ ತಜ್ಞರ ಬಳಿ ಹೋಗಿದ್ದೆ. ಗಂಟಲಿನವರು, ಮೂಳೆಯವರು, ಹೃದಯದವರು, ಸ್ತ್ರೀರೋಗದವರು. ಪ್ರತಿಯೊಬ್ಬರೂ ತಮ್ಮ ಪಾಲಿನ ತುಂಡನ್ನು ನೋಡಿದರು. ಕೊನೆಗೆ ಹೃದಯದ ಸುತ್ತ ನೀರು ತುಂಬಿದೆ ಎಂದು ತಿಳಿದಾಗಲೇ ಯಾರೋ ‘ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ’ ಎಂದು ಕೇಳಿದ್ದು. ನಾಲ್ಕು ತಜ್ಞರಿಗೂ ನಾನೇ ಹೇಳಿರಲಿಲ್ಲ, ನಾಚಿಕೆಯಿಂದ.

ಲಿವೊಥೈರಾಕ್ಸಿನ್ ಪರದೇಶಿ ರಾಸಾಯನಿಕವಲ್ಲ, ಗ್ರಂಥಿ ತಯಾರಿಸುವ ಟಿ4 ಅಣುವೇ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯ್ಡ್ ಸಾರವನ್ನು ಚುಚ್ಚಿ, ಊದಿಕೊಂಡು ಮಂಕಾಗಿದ್ದ ಹೆಂಗಸೊಬ್ಬಳನ್ನು ಎಬ್ಬಿಸಿದರು. ಆಕೆ ಮತ್ತೆ ಇಪ್ಪತ್ತೆಂಟು ವರ್ಷ ಬದುಕಿದಳು. ಅದಕ್ಕೆ ಮುಂಚೆ ಇಂಥವರ ಗತಿ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಆಯೋಜಕ

ಗುಳಿಗೆವಿರೋಧಿ ಅವರ ಬರಹವನ್ನು ಅಳಿಸಿಲ್ಲ, ಕೆಳಗಿನ ಉತ್ತರ ಓದುವವರಿಗೆ ಬೇಕು ಎಂಬ ಕಾರಣಕ್ಕೆ. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ಇಲ್ಲಿನ ಮಾತಿನ ಮೇಲೆ ಆಗಬಾರದು.

ಗಂಟಲಗಂಟು

ಬೇರೆ ಯಾವುದಕ್ಕೋ ಕುತ್ತಿಗೆ ಸ್ಕ್ಯಾನ್ ಮಾಡಿಸಿದಾಗ ಥೈರಾಯ್ಡ್‌ನಲ್ಲಿ 8 ಮಿಲಿಮೀಟರ್ ಗಂಟು ಕಂಡಿತು. ಟಿಎಸ್‌ಎಚ್ 2.1. ನನಗೆ ಯಾವ ಲಕ್ಷಣವೂ ಇಲ್ಲ. ಲಕ್ಷಣ ಇಲ್ಲದಿರುವುದೇ ಭಯವಾಗುತ್ತಿದೆ.

ಪರೀಕ್ಷಾನಳಿಕೆ

ಗಂಟು ಬೇರೆ ಖಾತೆ, ಹಾರ್ಮೋನು ಬೇರೆ ಖಾತೆ. ಗಂಟುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಿರುಪದ್ರವಿ. ಗಾತ್ರಕ್ಕಿಂತ ಅದರ ಅಂಚು, ಬಣ್ಣ, ಆಕಾರ ಹೇಗಿದೆ ಎಂದು ಸ್ಕ್ಯಾನ್ ನೋಡಿದವರು ವರದಿಯಲ್ಲಿ ಬರೆದಿರುತ್ತಾರೆ. ಅದನ್ನು ನೋಡಿಯೇ ಸೂಜಿ ಹಾಕಿ ಜೀವಕೋಶ ತೆಗೆದು ಪರೀಕ್ಷಿಸಬೇಕೋ ಕಾದು ನೋಡಬೇಕೋ ಎಂಬ ತೀರ್ಮಾನ. ದಕ್ಷಿಣ ಕೊರಿಯಾದಲ್ಲಿ ಬಹಳಷ್ಟು ಮಂದಿಯ ಕುತ್ತಿಗೆಯನ್ನು ಸ್ಕ್ಯಾನ್ ಮಾಡತೊಡಗಿದ ಮೇಲೆ, 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವುದು 1993ಕ್ಕಿಂತ ಹದಿನೈದು ಪಟ್ಟು ಆಯಿತು. ಸಾವಿನ ಸಂಖ್ಯೆ ಮಾತ್ರ ಇದ್ದಲ್ಲೇ ಇತ್ತು. ವೈದ್ಯರನ್ನು ಕಾಣಿ, ಅಂತರ್ಜಾಲದಲ್ಲಿ ಚಿತ್ರ ನೋಡುತ್ತ ಕೂರಬೇಡಿ.

ಮುಂಜಾವು ಅವರಿಗೆ ಇನ್ನೊಂದು ಮಾತು, ಬಾಣಂತಿಯಾದ್ದರಿಂದ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿತ್ತೇ? ಹಾಲು ಬರದೆ ಹೋಗಿತ್ತೇ? ಹಾಗಾಗಿದ್ದವರಲ್ಲಿ ಪಿಟ್ಯುಟರಿಯೇ ಒಣಗಿರಬಹುದು, ಶೀಹನ್ ಎಂಬವರ ಹೆಸರಿನ ಸ್ಥಿತಿ. ಆಗ ಬಡಿಯುವವನೇ ಇಲ್ಲ. ಟಿಎಸ್‌ಎಚ್ 1.8 ಎಂದು ಅಂದವಾಗಿ ಕುಳಿತಿರುತ್ತದೆ, ಟಿ4 ಮಾತ್ರ ಪಾತಾಳದಲ್ಲಿ. ಟಿಎಸ್‌ಎಚ್ ಒಂದನ್ನೇ ಬರೆದು ‘ಎಲ್ಲ ಸರಿಯಿದೆ’ ಎಂದು ಕಳಿಸಿದ ಅಂಥ ಒಬ್ಬರ ರಕ್ತ ನನ್ನ ಕೈಗೆ ಬಂದಿತ್ತು. ಉಳಿದ ಮಾದರಿಯಲ್ಲಿ ವೈದ್ಯರು ಫ್ರೀ ಟಿ4 ಹಾಕಿಸಿದಾಗ ಗೊತ್ತಾಯಿತು. ನಿಮ್ಮ ಪಿಟ್ಯುಟರಿ 18.6 ಎಂದು ಬಾಗಿಲು ಮುರಿಯುವಂತೆ ಬಡಿಯುತ್ತಿದೆ, ಆದ್ದರಿಂದ ನಿಮಗೆ ಆ ಚಿಂತೆ ಬೇಡ. ಓದುವ ಬೇರೆಯವರಿಗಾಗಿ ಬರೆದೆ.

ಮುಂಜಾವು

ರಕ್ತಸ್ರಾವ ಇರಲಿಲ್ಲ, ಹಾಲಿಗೂ ಕೊರತೆಯಿಲ್ಲ. ಶುಕ್ರವಾರ ಹಾರ್ಮೋನ್ ತಜ್ಞರ ಭೇಟಿ ಗೊತ್ತಾಗಿದೆ. ಬಯೋಟಿನ್ ನಿಲ್ಲಿಸಿದ್ದೇನೆ.

ಮುಂಜಾವು (ಮೂರು ವಾರಗಳ ನಂತರ)

ಹೋಗಿ ಬಂದೆ. ವೈದ್ಯೆ ವರದಿ ತೆರೆಯುವ ಮುಂಚೆಯೇ ‘ಮಗುವಿಗೆ ಎಷ್ಟು ತಿಂಗಳು?’ ಎಂದರು. ಮಡಿಲಲ್ಲಿ ಮಗು ಇತ್ತು, ಅಷ್ಟೇ. ಆದರೂ ನನಗೆ ಅಲ್ಲೇ ಅರ್ಧ ವಾಸಿಯಾಯಿತು.

ಟಿಪಿಒ ಪ್ರತಿಕಾಯ ಬಹಳ ಹೆಚ್ಚು, ಗ್ರೇವ್ಸ್‌ನ ಪ್ರತಿಕಾಯ ಇಲ್ಲ. ಟಿಎಸ್‌ಎಚ್ 23. ಹೆರಿಗೆಯ ನಂತರದ ಉರಿಯೂತವೇ ಎಂದರು. ಲಿವೊಥೈರಾಕ್ಸಿನ್ 50 ಮೈಕ್ರೋಗ್ರಾಂ, ಹಾಲು ಕುಡಿಸಲು ಅಡ್ಡಿಯಿಲ್ಲ. ಆರು ವಾರಕ್ಕೆ ಮತ್ತೆ ರಕ್ತ. ‘ನಡುವೆ ದಿನವೂ ಮಾಡಿಸಿ ತಲೆ ಕೆಡಿಸಿಕೊಳ್ಳಬೇಡಿ, ಅಷ್ಟು ಸಮಯ ಬೇಕು’ ಎಂದರು.

ಒಂದು ಸಂದೇಹ. ಇಷ್ಟು ದಿನ ಬೆಳಿಗ್ಗೆ ಎದ್ದು ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ನುಂಗಿ ಕಾಫಿ ಕುಡಿಯುತ್ತಿದ್ದೆ. ಇದನ್ನೂ ಅದರ ಜೊತೆಗೇ ಸೇರಿಸಬಹುದೇ? ಕೇಳಲು ಮರೆತೆ.

ಎದೆಬಡಿತ

ಸೇರಿಸಿದರೆ ಮಾತ್ರೆಯ ಬಹುಪಾಲು ಕರುಳಿನಲ್ಲೇ ಅವುಗಳಿಗೆ ಅಂಟಿಕೊಂಡು ಹೊರಗೆ ಹೋಗುತ್ತದೆ. ಗ್ರೇವ್ಸ್ ಮರುಕಳಿಸಿ, ಗ್ರಂಥಿಯನ್ನು ಸುಡುವ ವಿಕಿರಣಶೀಲ ಅಯೋಡಿನ್ ಚಿಕಿತ್ಸೆಯಾದ ಮೇಲೆ ನಾನೂ ಈಗ ಹೈಪೋ ಬಣದವನೇ. ಇದನ್ನು ಕಷ್ಟಪಟ್ಟು ಕಲಿತೆ. ಬರೀ ನೀರಿನಲ್ಲಿ, ಖಾಲಿ ಹೊಟ್ಟೆಯಲ್ಲಿ. ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಾಲ್ಕು ಗಂಟೆ ದೂರದಲ್ಲಿ. ಮಗು ಬೆಳಿಗ್ಗೆ ಬಿಡದಿದ್ದರೆ ರಾತ್ರಿ ಊಟವಾಗಿ ಮೂರು ಗಂಟೆಯ ನಂತರವೂ ಆಗುತ್ತದೆ. ದಿನವೂ ಒಂದೇ ಹೊತ್ತಾದರೆ ಸಾಕು.

ಮುಂಜಾವು (ಫೆಬ್ರವರಿ)

ಹೇಳದೆ ಮಾಯವಾದೆ, ಬೈಯಬೇಡಿ. ಆರು ವಾರಕ್ಕೆ ಟಿಎಸ್‌ಎಚ್ 6.1, ಜನವರಿಯಲ್ಲಿ 2.4. ಮಲಬದ್ಧತೆ ಮೊದಲು ಹೋಯಿತು, ಚಳಿ ಆಮೇಲೆ. ಮರೆವು ಕೊನೆಗೆ ಹೋಯಿತು. ಹೋದದ್ದು ಯಾವಾಗ ಎಂಬುದನ್ನೇ ಮರೆತಿದ್ದೇನೆ. ಏರಿದ ತೂಕ ಎರಡು ಕಿಲೋ ಇಳಿಯಿತು, ಉಳಿದದ್ದು ಥೈರಾಯ್ಡ್‌ನದಲ್ಲ ಎಂದು ವೈದ್ಯೆ ನಗುತ್ತ ಹೇಳಿದರು.

ಬೇಸಿಗೆ ಕಳೆದ ಮೇಲೆ ಪ್ರಮಾಣವನ್ನು ಅರ್ಧಕ್ಕಿಳಿಸಿ, ಗ್ರಂಥಿ ಎದ್ದಿದೆಯೋ ನೋಡುತ್ತಾರಂತೆ. ಎದ್ದರೂ ವರ್ಷಕ್ಕೊಮ್ಮೆ ಟಿಎಸ್‌ಎಚ್ ತಪ್ಪಿಸುವಂತಿಲ್ಲ. ಮತ್ತೆ ಗರ್ಭ ಧರಿಸುವ ಯೋಚನೆಯಿದ್ದರೆ ಮುಂಚೆಯೇ ಬಂದು ಹೇಳಬೇಕು, ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಟಿ4ನ್ನೇ ನೆಚ್ಚಿಕೊಂಡಿರುತ್ತದೆ ಎಂದರು. ಸದ್ಯಕ್ಕೆ ಆ ಯೋಚನೆ ಯಾರಿಗೂ ಇಲ್ಲ.

ಸಂಶಯಾತ್ಮ

ಕೂದಲು?

ಮುಂಜಾವು

ನಿಂತಿದೆ. ಹಣೆಯ ಬಳಿ ಹೊಸ ಕೂದಲು ಮುಳ್ಳಿನಂತೆ ಎದ್ದು ನಿಂತಿದೆ. ಲಿವೊಥೈರಾಕ್ಸಿನ್‌ನಿಂದಲೇ ಎಂದು ನಮ್ಮತ್ತೆಗೆ ಹೇಳಿದೆ. ಬಾಣಂತಿಯರಿಗೆ ಉದುರಿದ್ದು ವರ್ಷದೊಳಗೆ ತಾನೇ ಬರುತ್ತದೆ, ತಮಗೂ ಹಾಗೇ ಬಂದಿತ್ತು ಎಂದರು. ವೈದ್ಯೆಯನ್ನು ಕೇಳಿದರೆ ‘ಎರಡೂ ಇರಬಹುದು’ ಎಂದರು.